ಕೊನೆಯ ಜೀಪು

ಅಮ್ಮತ್ತಿ ಬಸ್‌ಸ್ಟ್ಯಾಂಡಿನ ಪಕ್ಕ ಸೈಕಲ್ ಶಾಪು ನನ್ನದು, ಹೆಸರು ಮೊಯ್ದು.
ಐದು ದಿನದ ಬಾಡಿಗೆಗೆ ಹೋಗಿದ್ದೆ, ಜೀಪು ಸಮೇತ:
ಮೂವತ್ತೆಂಟು ಸವಾರರು, ಕುಶಾಲನಗರದಿಂದ ಕಡಲಿಗೆ,
ಅವರ ಹಿಂದೆ, ಎಲ್ಲರ ಹಿಂದೆ, ನಾನು.
ಪಂಕ್ಚರಿಗೆ ತೇಪೆ, ತುಂಡಾದ ಚೈನಿಗೆ ಕೊಂಡಿ,
ಸೋತವರನ್ನು ಹತ್ತಿಸಿಕೊಳ್ಳುವುದು.
ದಾರಿಗೆ ಬಿದ್ದ ಬಾಳೆಹಣ್ಣಿನ ಸಿಪ್ಪೆ ಹೆಕ್ಕುವುದೂ ಒಪ್ಪಂದದಲ್ಲಿತ್ತು.

ಮುಂದೆ ಹೋದವರ ಮುಖ ನನಗೆ ಗೊತ್ತಿಲ್ಲ.
ಗೊತ್ತಿರುವುದು ಒಂದೇ ಬೆನ್ನು.
ನೀಲಿ ಬನಿಯನ್ನಿನ ಮೇಲೆ ಇಪ್ಪತ್ತೇಳು ಅಂತ ನಂಬರು,
ನಂಬರಿನ ಮೇಲೆ ನರೆತ ಜಡೆ, ಮಡಿಚಿ ರಬ್ಬರ್ ಬ್ಯಾಂಡ್ ಹಾಕಿದ್ದು.
ಚೋಂದಮ್ಮ. ಪಟ್ಟಿಯಲ್ಲಿ ವಯಸ್ಸು ಅರವತ್ತಮೂರು.
ನಿಜವಾ ಅಂದರೆ, ‘ಗೇರು ಎಷ್ಟಿದೆ, ಅದನ್ನು ಕೇಳು.’

ಸುಂಟಿಕೊಪ್ಪ ದಾಟಿದ ಏರಿನಲ್ಲಿ
ಮೈಸೂರಿನ ಬ್ಯಾಂಕ್ ಮ್ಯಾನೇಜರು ಮೀನಖಂಡ ಹಿಡಿದುಕೊಂಡು ಜೀಪು ಹತ್ತಿದರು.
ಬೋಯಿಕೇರಿಯಲ್ಲಿ ಅಣ್ಣತಮ್ಮಂದಿರಿಬ್ಬರು,
ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ.
ಚೋಂದಮ್ಮನ ಪಕ್ಕಕ್ಕೆ ತಂದು ಬಾಗಿಲು ತೆರೆದೆ.
ನಡೆಯುವವರಿಗಿಂತ ಒಂದು ಗುಲಗಂಜಿ ಹೆಚ್ಚು, ಅಷ್ಟೇ ಅವರ ವೇಗ.
ಈ ಕಡೆ ನೋಡದೆಯೇ, ‘ಗಾಳಿ ಬರುತ್ತೆ, ಮುಚ್ಚು.’

ಆಮೇಲೆ ತೆರೆಯಲಿಲ್ಲ.

ಹೂಮಳೆ ಬಿದ್ದು ಎಂಟೊಂಬತ್ತು ದಿನವಾಗಿತ್ತು.
ತೋಟವೆಲ್ಲ ಬೆಳ್ಳಗೆ, ರೆಂಬೆ ರೆಂಬೆಗೂ ಮೊಲದ ರೋಮ ಅಂಟಿದ ಹಾಗೆ.
ಹೊರಗಿನವರು ಇಳಿದು ಫೋಟೋ ಹೊಡೆದು, ಹಿಮ ಅಂದರು.
ನಮ್ಮವರು ಹಿಮ ಅನ್ನುವುದಿಲ್ಲ,
ಎಷ್ಟು ಚೀಲ ಅನ್ನುತ್ತಾರೆ.
ನಿಜ ಹೇಳುತ್ತೇನೆ, ಆ ವಾಸನೆಗೆ ನನಗೆ ತಲೆನೋವು.

ಮೂರನೇ ದಿನ, ಭಾಗಮಂಡಲ ಬಿಟ್ಟು ನಾಪೋಕ್ಲು ಕಡೆ,
ಅವರು ನಿಧಾನವೇಕೆ ಎಂದು ಬಲ್ಲಮಾವಟಿಯಲ್ಲಿ ತಿಳಿಯಿತು.
ಗೇಟಿನಿಂದ ಗೇಟಿಗೆ ಯಾರೋ ಹೊರಗೆ ಬಂದು ‘ಸಿಸ್ಟರ್’ ಅನ್ನುವರು.
ಮೆಣಸು ಒಣಹಾಕುತ್ತಿದ್ದವನೊಬ್ಬ ಅಂಗಿ ತೋಳು ಮೇಲೆತ್ತಿ
ಗುಂಡನೆಯ ಹಳೇ ಗುರುತು ತೋರಿಸಿದ, ಮೆಡಲಿನ ಹಾಗೆ.
‘ಅವತ್ತು ನನ್ನ ಕೈ ಕಚ್ಚಿದ್ದೆ ನೀನು,’ ಎಂದರು, ಒಂದು ಕಾಲು ನೆಲಕ್ಕೂರಿ.
ಲಸಿಕೆ ಡಬ್ಬ ಕ್ಯಾರಿಯರಿಗೆ ಬಿಗಿದು, ಐಸು ಕರಗುವುದರೊಳಗೆ,
ಇದೇ ದಾರಿಯನ್ನು ಇಪ್ಪತ್ತೊಂಬತ್ತು ವರ್ಷ ತುಳಿದಿದ್ದರಂತೆ.
ಈಗ ಐಸಿಲ್ಲ.
ಸೀಸನ್ನಿನ ಕೊನೆಯ ಕಿತ್ತಳೆ, ಕೊಟ್ಟಲ್ಲೆಲ್ಲ ಇಳಿದರು, ಸುಲಿದರು.
ಜೀಪಿನ ಕಿಟಕಿಯಲ್ಲಿ ನನಗೂ ಎರಡೆರಡು ತೊಳೆ.

ಸಂಜೆ ವಿರಾಜಪೇಟೆಯ ಲಾಡ್ಜಿನ ಅಂಗಳದಲ್ಲಿ ಗಂಟೆ ನಿಮಿಷದ ಲೆಕ್ಕ ಓದಿದರು.
ಕೊನೆಯ ಹೆಸರಿಗೆ ಬರುವಷ್ಟರಲ್ಲಿ ಮೈಕಿನವನಿಗೆ ಊಟದ ಕರೆ.
ನಾನು ಅವರ ಚೈನಿಗೆ ಎಣ್ಣೆ ಬಿಡಲು ಹೋದೆ.
ಆಗಲೇ ಬಿಟ್ಟುಕೊಂಡಿದ್ದರು.

ನಾಲ್ಕನೇ ದಿನದ ಬಗ್ಗೆ ಹೇಳಲು ಏನೂ ಇಲ್ಲ.
ಗೋಣಿಕೊಪ್ಪದಲ್ಲಿ ಬಿಸಿಲು, ಏಳು ಪಂಕ್ಚರು.

ಐದನೆಯದು ಮಾಕುಟ್ಟ ಘಾಟಿ,
ಇಳಿಯುವುದೇ ಇಳಿಯುವುದು, ಕಾಡಿನೊಳಗೆ, ತಿರುವಿಗೆ ತಿರುವು ಅಂಟಿಕೊಂಡು.
ಪೆರುಂಬಾಡಿಯಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು
ಮೊದಲ ಸಲ ಹಿಂದೆ ತಿರುಗಿ ನನ್ನನ್ನು ನೋಡಿದರು.
ನಾನು ಕೈ ಎತ್ತುವಷ್ಟರಲ್ಲಿ
ಬೆನ್ನಿಲ್ಲ.

ಒಂದು ತಿರುವು. ಇಲ್ಲ. ಇನ್ನೊಂದು.
ನಾಲ್ಕು ದಿನ ಆ ಇಪ್ಪತ್ತೇಳರ ಸುತ್ತಲೇ ಕೊಡಗು ನೋಡಿದ್ದೆ,
ಅದಿಲ್ಲದೆ ರಸ್ತೆ ಬರೀ ರಸ್ತೆ.
ಹಾರ್ನ್ ಹೊಡೆದೆ. ಇಳಿದು ಕೆಳಗೆ ಬಗ್ಗಿ ನೋಡಿದೆ.
ಬಿದಿರ ಮೆಳೆಯಲ್ಲಿ ನೀಲಿ ಕಂಡು ಎದೆ ಧಸಕ್ಕೆಂದಿತು,
ಯಾರೋ ಎಸೆದ ಪ್ಲಾಸ್ಟಿಕ್ಕು.
ಮುಂದೆ ರಸ್ತೆ ನಡುವೆ ಆನೆ ಲದ್ದಿ, ಇನ್ನೂ ಹಬೆಯಾಡುತ್ತ,
ಅದನ್ನು ಸೀಳಿಕೊಂಡು ತೆಳ್ಳಗೆ ಒಂದು ಟೈರಿನ ಗೆರೆ.
ಹಾಗಾದರೆ ಇಲ್ಲಿತನಕ ಬಂದಿದ್ದಾರೆ.

ಕೂಟುಪುಳ ಸೇತುವೆಯ ಕಟ್ಟೆ ಮೇಲೆ ಕೂತಿದ್ದರು, ಕಾಲಾಡಿಸುತ್ತ.
ಜೀಪಿನ ಚಕ್ರದಲ್ಲಿ ಹೊಗೆ, ಸುಟ್ಟ ಬ್ರೇಕಿನ ನಾತ.
ಎದ್ದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು,
ಜ್ವರ ನೋಡುವವರ ಹಾಗೆ.
‘ಅರ್ಧ ಗಂಟೆ ಮಲಗಿಸು.’

ಹೊಳೆಯಾಚೆ ಕೇರಳ. ಕಡಲು ಇನ್ನೂ ಐವತ್ತು ಕಿಲೋಮೀಟರು,
ಉಳಿದವರು ಇಷ್ಟೊತ್ತಿಗೆ ಉಪ್ಪುನೀರಲ್ಲಿ ಕಾಲಿಟ್ಟಿರಬಹುದು.
‘ನಿನ್ನ ಹಿಂದೆ ಯಾರು ಬರ್ತಾರೆ ಮೊಯ್ದು?’
ಯಾರೂ ಇಲ್ಲ ಸಿಸ್ಟರ್, ಅಂದೆ.
ಕಿತ್ತಳೆ ಮುಗಿದಿತ್ತು.
ನನ್ನ ಹತ್ತಿರ ಬೇಯಿಸಿದ ಕಡಲೆಕಾಯಿ ಇತ್ತು.