ನೆಲಕ್ಕ ಗೊತ್ತು

ಹುಣಸಿ ರಾತ್ರಿನೇ ನೆನಿಯಿಟ್ಟಿದ್ದೆ.
ಮುಂಜಾನಿ ಕೈಹಾಕಿ ಕಿವುಚಿದರ
ಬೆರಳ ಸಂದಿಯಾಗ ನಾರು, ಎರಡು ಬೀಜ,
ಮತ್ತ ನಿನ್ನೆ ಕೊಯ್ಕೊಂಡ ಗಾಯದ ಚುರುಚುರು.

ಬೆಲ್ಲ ಒಂದು ಮುಷ್ಟಿ ಹೆಚ್ಚೇ ಬಿತ್ತು.
ಗ್ವಾಡಿ ಆಚಿಂದ ಶಮೀಮಬೂ ಕೊಟ್ಟ ಖಜೂರ,
ರಮಜಾನದಾಗ ಉಳಿದದ್ದು, ಅದನ್ನೂ ಹಾಕಿದೆ.
ಒಣಶುಂಠಿ, ಹುರಿದ ಜೀರಗಿ, ಕರಿಉಪ್ಪು.
ಕುದ್ದು ಕುದ್ದು ಬುಡುಬುಡು ಅಂತು, ಸೀರಿಗಿ ಸಿಡೀತು.

ಅತ್ತಿ ಗುರುಬಾಯಿ ಬಾಗಲದಾಗ ಕೂತಾಳ.
ಹೋದ ವರ್ಷದ ಜ್ವರ ಇಳಿದಾಗ
ನಾಲಿಗಿ ರುಚಿನೂ ಸಂಗಾಟ ಒಯ್ದದ.
ಶಹಾಬಾದ್ ಸ್ಟೇಷನ್ ಎದುರ ನಲವತ್ತು ವರ್ಷ
ಮಿರ್ಚಿಭಜಿ ಮಾರಿದಾಕಿ
ಈಗ ಗಡಿಯಾರ ನೋಡಿ ಉಣತಾಳ.

ಮರತು ಚಮಚಾ ಚಾಚಿದೆ.
ಆಕಿ ನಕ್ಕಳು. ಕಸಗೊಂಡು
ಒಂದು ಹನಿ ನೆಲಕ್ಕ ಬಿಟ್ಟಳು.
ಖಣಿಯಿಂದ ಬಂದ ಬೂದುಬಣ್ಣದ ಹಾಸಿನ ಮ್ಯಾಲೆ
ಹರೀಲಿಲ್ಲ ಹನಿ. ಗುಂಡಗ ಕೂತಿತು.
"ಪಾಕ ಬಂದದ. ತಡಿ, ಹುಳಿ ಕೇಳೂಣು."

ಎಷ್ಟೊತ್ತೋ ಬಿಟ್ಟು ಸೆರಗಿಲೆ ಒರಸಿದಳು.
ಕಲ್ಲಿನ ಹೊಳಪು ಅಲ್ಲಿಷ್ಟು ತಿಂದುಹೋಗಿತ್ತು,
ಬಿಳಿ ಮಚ್ಚಿ, ತೊಗರಿಕಾಳಿನಷ್ಟು.
ಸುತ್ತ ಹಳೇವು ನೂರಾರು:
ನಾ ಸೋಡಾ ಹಾಕಿ ತಿಕ್ಕಿ ತಿಕ್ಕಿ ಬೈದವು.

ಬೆರಳಿಲೆ ಒಂದೊಂದೇ ಸವರಿದಳು.
"ಇದು ನಿನ್ನ ಲಗ್ನದಾಗಿಂದು. ಹುಳಿ ಮುಂದಾಗಿತ್ತು.
ಇದು..."
ಸುಮ್ಮನಾದಳು.
ಆಮ್ಯಾಲೆ ನನ್ನ ಹನಿಗಿ ಬಂದು ನಿಂತಳು.
"ಸವಿ ಜಾಸ್ತಿ ಆಗ್ಯಾದ. ಇನ್ನೊಂದೀಟು ಹುಣಸಿ ಹಿಂಡು."

ನಾ ನಾಲಿಗಿಗಿ ಹಚ್ಚಿ ನೋಡಿದೆ.
ಖರೇನೇ ಇತ್ತು.