ಎರಡು ಚೌಕದಷ್ಟು ನಿಮಿಷ

ಇಲಾಖೆ ಕೊಟ್ಟ ಹಾಳೆಯಲ್ಲಿ
ಒಂದು ನಮೂನೆಗೆ ಎರಡೇ ಚೌಕ.
ತೊಂಬತ್ತೊಂಬತ್ತು ನಿಮಿಷ ದಾಟಿದ್ದು
ನಮ್ಮ ಲೆಕ್ಕದಲ್ಲಿ ಕಷ್ಟವಲ್ಲ.
ಭಾರಿ ವಾಹನ, ಚಾಲನಾ ಪರವಾನಗಿ, ನವೀಕರಣ:
ಓದಲು ಎಷ್ಟು, ತುಂಬಲು ಎಷ್ಟು,
ಲಗತ್ತು ಹುಡುಕಲು ಎಷ್ಟು.
ಸರಾಸರಿ ಬರೆಯಿರಿ. ಪೆನ್ಸಿಲ್ ಬಳಸಬಾರದು.

ರಾಯಚೂರಿನ ಆರ್‌ಟಿಓ ಕಚೇರಿ ಎದುರು
ಬೇವಿನ ನೆರಳು ಹನ್ನೊಂದಕ್ಕೇ ಕುಗ್ಗಿ
ಝೆರಾಕ್ಸ್ ಅಂಗಡಿಯ ಕಟ್ಟೆಗೆ ಅಂಟಿಕೊಂಡಿತ್ತು.
ಅಲ್ಲಿ ಕೂತಿದ್ದ ಮೌಲಾಲಿ,
ಶಕ್ತಿನಗರದ ಹಾರುಬೂದಿಯನ್ನು ವಾಡಿಗೆ ಒಯ್ಯುವ
ಬಲ್ಕರ್ ಲಾರಿಯ ಡ್ರೈವರ್.
ಹುಬ್ಬಿನಲ್ಲಿ ಬೂದಿ, ಕಿವಿಯ ಸುರುಳಿಯಲ್ಲಿ ಬೂದಿ,
ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ,
ಚೀಲದೊಳಗೆ ಚೀಲ,
ಅದರೊಳಗೆ ಅವನು.

"ನಿಮಿಷ ಕೇಳ್ತೀರೇನ್ರಿ ಮೇಡಂ? ಬರ್ಕೊಳ್ರಿ.
ಫಾರಂ ತುಂಬೂದು ಆ ನಾಗವೇಣಿ, ಕಟ್ಟಿ ಮ್ಯಾಲ ಕುಂತಾಕಿ.
ಆಕಿಗೆ ಏಳು ನಿಮಿಷ, ಐವತ್ತು ರೂಪಾಯಿ.
ನಾ ಸಹಿ ಮಾಡೂದು ಒಂದು ನಿಮಿಷ,
ಕೈ ನಡುಗಿದ್ರ ಎರಡು."

ಬರೆದುಕೊಂಡೆ: ೦೯.
ಎಷ್ಟು ಸಲೀಸು ಈ ಕೆಲಸ ಅನಿಸಿತು.

"ಆಧಾರಿನ್ಯಾಗ ನಾ ಮೌಲಾಲಿ.
ಹಳೇ ಲೈಸೆನ್ಸಿನ್ಯಾಗ ಮೌಲಾಸಾಬ.
ಸಾಲಿ ಟೀಸಿಯೊಳಗ ಮೌಲಪ್ಪ,
ಹೆಡ್‌ಮಾಸ್ತರು ಹಂಗ ಕರೀತಿದ್ರು, ಹಂಗ ಬರದ್ರು.
ಹುಟ್ಟಿದ್ದು ಜೂನ್ ಒಂದು,
ನಮ್ಮ ಓಣಿಯವರೆಲ್ಲಾ ಅವತ್ತ ಹುಟ್ಟೀವಿ.
ಈ ಮೂರೂ ಮಂದಿ ಒಬ್ಬನ ಅಂತ
ನೋಟರಿ ಕಡಿಂದ ಅಫಿಡವಿಟ್ ಮಾಡಸ್ಬೇಕು.
ನೋಟರಿ ಲಿಂಗಸುಗೂರಿಗೆ ಮದುವಿಗೆ ಹೋಗ್ಯಾನ.
ಮೂರು ಮಂದಿ ಒಬ್ಬ ಆಗಾಕ
ಎಷ್ಟು ನಿಮಿಷ ಹಾಕ್ತೀರಿ?"

ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

"ಡಾಕ್ಟರ್ ಕಣ್ಣು ನೋಡೂದು ಮಂಗಳವಾರ.
ಗ್ವಾಡಿ ಮ್ಯಾಲಿನ ಇಂಗ್ಲಿಷ್ ಅಕ್ಷರ ನನಗ ಬರಂಗಿಲ್ಲ,
ಮುಂದಿನಾವ ಹೇಳಿದ್ದು ಕೇಳಿ ಬಾಯಿಪಾಠ ಮಾಡೀನಿ.
ಆದ್ರ ರಾತ್ರಿ ಎರಡಕ್ಕ, ದೀಪಿಲ್ಲದ ಎತ್ತಿನಗಾಡಿ
ಫರ್ಲಾಂಗ್ ದೂರದಾಗ ಕಾಣ್ತೈತಿ.
ಆ ಕಾಲಂ ಎಲ್ಲೈತಿ, ನೋಡ್ರಿ ಸ್ವಲ್ಪ."

ನೋಡಿದೆ. ಇರಲಿಲ್ಲ.

ಹೆಬ್ಬೆಟ್ಟಿನ ಯಂತ್ರ ಅವನನ್ನು ಒಪ್ಪಲಿಲ್ಲವಂತೆ.
ಸ್ಟೇರಿಂಗು ಇಪ್ಪತ್ತೆರಡು ವರ್ಷ ಉಜ್ಜಿದ ಬೆರಳು,
ನಲ್ಲಿಯಲ್ಲಿ ಮೂರು ಸಲ ತೊಳೆದು ಬಂದ,
ನಾಲ್ಕನೇ ಸಲಕ್ಕೆ ಸರ್ವರ್ ಊಟಕ್ಕೆ ಹೋಯಿತು.

"ನಮಗ ಗಡಿಯಾರ ಬಗಿಹರಿಯಂಗಿಲ್ರಿ.
ನಮ್ದು ಟ್ರಿಪ್ಪಿನ ಲೆಕ್ಕ.
ಹೋದ ಸಲ ಈ ಕಾಗದ ನಾಕು ಟ್ರಿಪ್ ನುಂಗಿತ್ತು.
ಈ ಸಲ ಮೂರು ಆದ್ವು,
ಇನ್ನಾ ಬಾಯಿ ತಕ್ಕೊಂಡ ಕುಂತೈತಿ."

ಮೇಲಧಿಕಾರಿಗೆ ಫೋನು ಹಚ್ಚಿದೆ.
ಅಲೆದಾಟ, ಕಾಯುವಿಕೆ ಸೇರಿಸಬೇಡಿ, ಅಂದರು,
ಅದು ಬೇರೆ ಅಧ್ಯಯನ, ಇನ್ನೂ ಮಂಜೂರಾಗಿಲ್ಲ.
ಟ್ರಿಪ್ಪನ್ನು ನಿಮಿಷ ಮಾಡಿ
ಎರಡು ಚೌಕದೊಳಗೆ ಕೂರಿಸಲು ನೋಡಿದೆ:
ಒಂದರ ಬಾಲ ಹೊರಗೆ, ಇನ್ನೊಂದರ ತಲೆ ಹೊರಗೆ.
ಕೊನೆಗೆ ೪೧ ಎಂದು ಬರೆದೆ.
ನಲವತ್ತು ಬರೆದರೆ ಅಂದಾಜು ಅನ್ನುತ್ತಾರೆ,
ನಲವತ್ತೊಂದಕ್ಕೆ ಅಳೆದ ಮುಖ ಇರುತ್ತದೆ.

ಮಾಹಿತಿ ಕೊಟ್ಟವರ ಸಹಿ, ಅಂತ ಹಾಳೆ ಮುಂದಿಟ್ಟೆ.
"ಇದೂ ಒಂದು ಫಾರಂ ಏನ್ರಿ?" ಅಂದ,
ನಕ್ಕ, ಸಹಿ ಮಾಡಿದ.
ಮೌಲಾಲಿಯೋ ಮೌಲಾಸಾಬನೋ
ಆ ಗೀಟಿನಲ್ಲಿ ತಿಳಿಯಲಿಲ್ಲ.

ಕಲಬುರಗಿಗೆ ಮರಳಿ ನಾಲ್ಕನೇ ದಿನ
ಪ್ರಯಾಣ ಭತ್ಯೆಯ ಬಿಲ್ಲು ಬರೆಯಲು ಕೂತೆ, ಮೂರು ಪ್ರತಿ.
ಬಸ್ಸಿನ ಟಿಕೆಟ್ಟು ಪರ್ಸಿನಲ್ಲೇ ಬಿಸಿಲುಂಡು
ಬೆಳ್ಳಗೆ, ನುಣ್ಣಗೆ, ಒಂದಕ್ಷರವಿಲ್ಲದೆ ಇತ್ತು.
ಪರವಾಗಿಲ್ಲ, ಅಂದ ಲೆಕ್ಕಪತ್ರದ ಗುಮಾಸ್ತ,
ನೀವು ರಾಯಚೂರಿಗೆ ಹೋಗಿದ್ದು ನೀವೇ ಅಂತ
ಒಂದು ದೃಢೀಕರಣ ಬರೆದುಕೊಡಿ ಸಾಕು.

ಗೋಡೆಯ ಗಡಿಯಾರ ನೋಡಿದೆ, ಹನ್ನೊಂದೂ ಹತ್ತು.
ನೋಟರಿ ಕೆಳಗಿನ ಮಹಡಿಯಲ್ಲಿದ್ದಾನಂತೆ,
ಇವತ್ತು ಬಂದಿಲ್ಲವಂತೆ.