ದರ್ಜಿಯ ಸ್ನಾಯು

ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.
ಅದಕ್ಕೇ ಶರ್ಟಿನ ಡಬ್ಬಿಗಳ ರಟ್ಟು ಕತ್ತರಿಸಿ
ಒಂದೊಂದು ಚೂರಿಗೂ ಕನ್ನಡದಲ್ಲೇ ಬರೆದುಕೊಟ್ಟಿದ್ದೇನೆ.
ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್.
ಥಾನು ಹರಿದಂತೆ ಅದನ್ನು ಹರಿದು ಹರಿದು ಓದಿ
ಕನ್ನಡಕ ಹಣೆಗೇರಿಸುತ್ತಾನೆ:
"ಇದು ಮನುಷ್ಯರದ್ದೇನಮ್ಮಾ?"

ಮನುಷ್ಯರದ್ದೇ ಅಪ್ಪ.
ಕತ್ತು ಆ ಕಡೆ ತಿರುಗಿಸು, ಇನ್ನೂ ಸ್ವಲ್ಪ,
ಹಾಂ, ಎದ್ದು ನಿಂತಿತಲ್ಲ ಹುರಿ, ಅದೇ.
"ಓ, ಕಾಲರ್ ಒತ್ತೋ ಜಾಗ" ಎಂದು
ಮುಂದಿನ ರಟ್ಟಿಗೆ ಹೋಗುತ್ತಾನೆ.

ಕಬ್ಬನ್‌ಪೇಟೆಯ ಗಲ್ಲಿಯಲ್ಲಿ ರಾತ್ರಿ ಹನ್ನೊಂದೂವರೆ.
ಎದುರು ಕೋಣೆಯ ಮಗ್ಗ ಇನ್ನೂ ನಿಂತಿಲ್ಲ.
ಮೊದಲ ಸದ್ದಿಗೆ ಮೈಟ್ರಲ್ ಮುಚ್ಚಿತು,
ಎರಡನೆಯದಕ್ಕೆ ಅಯೋರ್ಟಿಕ್.
ನಿಮಿಷಕ್ಕೆ ನೂರಿಪ್ಪತ್ತು ಬಡಿತ,
ಪಾಪ, ಮಗ್ಗಕ್ಕೆ ಟ್ಯಾಕಿಕಾರ್ಡಿಯಾ.

ಮಂಚದಡಿಯಲ್ಲಿ ಎಲುಬಿನ ಪೆಟ್ಟಿಗೆ.
ಸೀನಿಯರ್ ನಫೀಸಾ ಅರ್ಧ ಬೆಲೆಗೆ ಕೊಟ್ಟದ್ದು,
ತೊಡೆಮೂಳೆಯ ಮೇಲೆ ಅವಳ ಹೆಸರು,
ಅದಕ್ಕೂ ಹಿಂದಿನ ಹೆಸರೊಂದು ಅರ್ಧ ಅಳಿಸಿದೆ.
ಮೂಳೆ ಯಾರದೋ ಅವರ ಹೆಸರು ಮಾತ್ರ ಎಲ್ಲೂ ಇಲ್ಲ.
ಮೊದಮೊದಲು ಅಮ್ಮ ಆ ಕಡೆ ಕಸವನ್ನೂ ಗುಡಿಸುತ್ತಿರಲಿಲ್ಲ.
ಒಂದು ದಿನ ಸೊಂಟದ ಮೂಳೆ ಹಿಡಿದು
ಈ ಕಮಾನು ಅಗಲ ನೋಡು, ಇದು ಹೆಂಗಸು ಎಂದೆ.
ಅಂದಿನಿಂದ ಪೆಟ್ಟಿಗೆಗೆ ಕಾಲು ತಾಗಿದರೆ
ಅಮ್ಮ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ.
"ಆಯಮ್ಮನ್ನ ಸ್ವಲ್ಪ ಒಳಕ್ಕೆ ಸರಿಸು" ಎನ್ನುತ್ತಾಳೆ.

ಇನ್ನೊಂದು ರಟ್ಟು. ಸಾರ್ಟೋರಿಯಸ್.
ಸೊಂಟದ ಮುಂಮೊನೆಯಿಂದ ಹೊರಟು
ತೊಡೆಯ ಮೇಲೆ ಓರೆಯಾಗಿ ಇಳಿದು
ಮಂಡಿಯ ಒಳಮೈಗೆ ಅಂಟುವ ಪಟ್ಟಿ.
ದೇಹದಲ್ಲೇ ಉದ್ದನೆಯದು.
ನರ ಫೀಮೋರಲ್, ಎಲ್ ಎರಡು, ಎಲ್ ಮೂರು.
ಅಪ್ಪಾ, ಈ ಹೆಸರಿನ ಅರ್ಥ ಗೊತ್ತಾ?
ದರ್ಜಿ.
ಚಕ್ಕಳಮಕ್ಕಳ ಹಾಕಿ ಹೊಲಿಯಲು ಕೂರಿಸುವ ಸ್ನಾಯು.

ಅಪ್ಪ ನಗಲಿಲ್ಲ.
ಕಾಜಾ ಮಾಡುತ್ತಿದ್ದ ಬ್ಲೌಸು ಕೆಳಗಿಟ್ಟು,
ಬೆರಳಿನಿಂದ ಅಂಗುಸ್ತಾನ ಕಳಚಿ,
ಹೆಗಲ ಮೇಲಿದ್ದ ಟೇಪು ತೆಗೆದು
ತನ್ನ ತೊಡೆಯ ಮೇಲೆ ಓರೆಯಾಗಿ ಎಳೆದ.
"ಹತ್ತೊಂಬತ್ತೂವರೆ ಇಂಚು," ಎಂದ.
ಬಿಲ್ ಪುಸ್ತಕದ ಹಿಂದೆ ಬರೆದಿಟ್ಟುಕೊಂಡ.

ಆಮೇಲೆ ಶರೀರಕ್ರಿಯೆ.
ಸಿರೆಗಳ ರಕ್ತ ಮೇಲೇರುವುದು ಹೇಗೆ?
ಮೀನಖಂಡ ಬಿಗಿದಾಗ ಹಿಂಡುತ್ತದೆ,
ಕವಾಟ ಹಿಂದಕ್ಕೆ ಬಿಡುವುದಿಲ್ಲ,
ಕಾಲಿನಲ್ಲಿ ಬಚ್ಚಿಟ್ಟ ಇನ್ನೊಂದು ಹೃದಯ
ಎಂದು ಗಟ್ಟಿಯಾಗಿ ಒಪ್ಪಿಸುತ್ತಾ
ಅಲ್ಲೇ ನಿಂತುಬಿಟ್ಟೆ.
ಹೊಲಿಗೆ ಮಿಷನ್ನಿಗೆ ಮೋಟರ್ ಕೂರಿಸಿದ್ದು ಕಳೆದ ದಸರೆಗೆ,
ನನ್ನ ಸ್ಕಾಲರ್‌ಶಿಪ್ಪಿನ ಮೊದಲ ದುಡ್ಡಿನಲ್ಲಿ.
ಸಂಜೆಯಾದರೆ ಅಪ್ಪನ ಚಪ್ಪಲಿ ಬಿಗಿಯಾಗುವುದೂ
ಕಣಕಾಲಲ್ಲಿ ಹೆಬ್ಬೆರಳ ಗುರುತು ಉಳಿಯುವುದೂ
ಕಳೆದ ದಸರೆಯಿಂದಲೇ.
ಮೂವತ್ತು ವರ್ಷ ಪೆಡಲು ತುಳಿದ ಕಾಲನ್ನು
ನಾನೇ ಸುಮ್ಮನೆ ಕೂರಿಸಿದೆನೇ?
ಬೇರೆ ಕಾರಣವೂ ಇರಬಹುದು. ನಾನಿನ್ನೂ ಫಸ್ಟ್ ಇಯರ್.
ಬಾಯಿ ಬಿಡಲಿಲ್ಲ.
"ಮರೆತೆಯಾ?" ಎಂದ ಅಪ್ಪ, ರಟ್ಟು ನೋಡುತ್ತಾ.
ಇಲ್ಲ, ನೆನಪಾಯಿತು ಎಂದೆ.

ಬೆಳಿಗ್ಗೆ ಮಾರ್ಕೆಟ್ಟಿನ ಹತ್ತಿರ ಬಸ್ಸಿಳಿದು
ಸೇವಂತಿಗೆ ರಾಶಿಗಳ ನಡುವೆ
ಹನ್ನೆರಡು ನರ ಎಣಿಸುತ್ತಾ ನಡೆದೆ.
ಹೂ ಮೂಸಿದೆ: ಒಂದು. ಲಾರಿ ನೋಡಿದೆ: ಎರಡು.
ಏಳಕ್ಕೆ ಮುಖ ಕಿವುಚಿದೆ, ಹೂವಿನವಳು ನಕ್ಕಳು.

ಪ್ರಶ್ನೆಪತ್ರಿಕೆಯಲ್ಲಿ ತೋಳಿತ್ತು, ಕಂಕುಳಿತ್ತು,
ಅಂಗೈಯ ಕಮಾನುಗಳಿದ್ದವು.
ತೊಡೆ ಬರಲೇ ಇಲ್ಲ.

ಮನೆಗೆ ಬಂದರೆ ಗಿರಾಕಿಯ ಮುಂದೆಯೇ ಕೇಳಿದ:
"ಸಾರ್ಟೋರಿಯಸ್ ಬಂತಾ?"
ಒಂದು ಅಕ್ಷರ ತಪ್ಪಿಲ್ಲ.
ಬರಲಿಲ್ಲಪ್ಪ.
"ಬಿಡು, ಇನ್ನೊಂದ್ಸಲ ಬರತ್ತೆ.
ನಾನು ನೆನಪಿಟ್ಟುಕೊಂಡಿರ್ತೀನಿ."

ಅಪ್ಪ ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತಿದ್ದ.
ನಾನು ಬ್ಯಾಗಿಳಿಸಿ, ಸ್ಕ್ರೂಡ್ರೈವರ್ ಹುಡುಕಿ,
ಮೋಟರಿನ ಬೆಲ್ಟು ಕಳಚತೊಡಗಿದೆ.